ಕಾಂಕ್ರೀಟ್ ಸುರಿದ ಮೇಲೆ ಕಂಬಿ ಎಣಿಕೆ

ಚೆಂಬೂರು, ಮುಲುಂಡ್, ಬೊರಿವಲಿ, ಡೊಂಬಿವಲಿ, ಎಲ್ಲಿಗೆ ಹೋದರೂ ಮುಂಬಯಿ ಕನ್ನಡಿಗರ ಮಾತು ಈಗ ಸುತ್ತಿ ಬಳಸಿ ಒಂದೇ ವಿಷಯಕ್ಕೆ ಬರುತ್ತದೆ: ಬಿಲ್ಡರ್ ಹಳೆಯ ಕಟ್ಟಡ ಒಡೆದು ಅದೇ ಜಾಗದಲ್ಲಿ ಹೊಸದು ಕಟ್ಟಿಕೊಡುವ, ಅಲ್ಲಿಯವರೆಗೆ ಮನೆಯವರಿಗೆ ಬೇರೆಡೆಯ ಬಾಡಿಗೆ ಕೊಡುವ ರೀಡೆವಲಪ್‌ಮೆಂಟ್. ಎಪ್ಪತ್ತು ಎಂಬತ್ತರ ದಶಕಗಳಲ್ಲಿ ಹೋಟೆಲು, ಬ್ಯಾಂಕು, ಮಿಲ್ಲುಗಳ ಸಂಬಳದಲ್ಲಿ ಹೊಟ್ಟೆಬಟ್ಟೆ ಕಟ್ಟಿ ಕೊಂಡ ಒಂದು ರೂಮು-ಕಿಚನ್ನಿನ ಮನೆಗಳ ಚಾವಣಿಯಿಂದ ಪ್ಲಾಸ್ಟರು ಉದುರುತ್ತಿದೆ, ಬಿಲ್ಡರುಗಳು ಬಾಗಿಲಿಗೆ ಬಂದಿದ್ದಾರೆ. ಸಂಘದ ಕಾರ್ಯಕ್ರಮದಲ್ಲಿ ಊಟಕ್ಕೆ ಸಾಲು ನಿಂತವರು "ಶೆಟ್ರೇ, ನಿಮ್ಮ ಬಿಲ್ಡರ್ ಬಾಡಿಗೆ ಸರಿಯಾಗಿ ಹಾಕ್ತಾನಾ?" ಎಂದು ಕೇಳುವುದು "ಊರಿಗೆ ಯಾವಾಗ?" ಎಂದು ಕೇಳಿದಷ್ಟೇ ಮಾಮೂಲಾಗಿದೆ.

ಅದೇ ಸೈಟಿನ ತಗಡಿನ ಬೇಲಿಯ ಒಳಗೆ ಇನ್ನೊಂದು ಕರ್ನಾಟಕವಿದೆ. ಕಲಬುರಗಿ, ಯಾದಗಿರಿ, ವಿಜಯಪುರದ ಕಡೆಯಿಂದ ಬಂದು ಸೆಂಟ್ರಿಂಗ್ (ಕಾಂಕ್ರೀಟ್ ಸುರಿಯಲು ಪ್ಲೈವುಡ್ಡಿನ ಅಚ್ಚು ಕಟ್ಟುವುದು), ಗಾರೆ, ಮಣ್ಣು ಅಗೆತ ಮಾಡುವವರು, ಅವರನ್ನು ಊರಿಂದ ಕರೆತಂದ ಲೇಬರ್ ಕಂಟ್ರಾಕ್ಟರು, ನಕ್ಷೆ ಹಿಡಿದು ಓಡಾಡುವ ನಮ್ಮದೇ ಎಂಜಿನಿಯರ್ ಹುಡುಗರು. ಕೆಲಸ ನಿಂತರೆ ಎಲ್ಲರಿಗೂ ಪೆಟ್ಟು. ಆದರೆ ನ್ಯಾಯ ಕೇಳಲು ಹೋಗಬೇಕಾದ ಬಾಗಿಲು ಒಬ್ಬೊಬ್ಬರಿಗೆ ಒಂದೊಂದು, ಕೆಲವರಿಗೆ ಬಾಗಿಲೇ ಇಲ್ಲ.

ಕಟ್ಟಡದ ತಕರಾರು ಎಂದ ಕೂಡಲೇ 'ಬಿಲ್ಡರ್ ಕಳ್ಳ' ಎಂಬ ತೀರ್ಪು ನಾಲಿಗೆಯ ತುದಿಯಲ್ಲೇ ಇರುತ್ತದೆ. ಕಳ್ಳರಿದ್ದಾರೆ, ಇಲ್ಲವೆಂದಲ್ಲ. ಆದರೆ ಬಿಲ್ಲು, ಪತ್ರ, ಅಳತೆ ಪುಸ್ತಕಗಳನ್ನು ಹರಡಿಕೊಂಡು ಕೂತರೆ ಬಹಳಷ್ಟು ಜಗಳಗಳ ಬುಡದಲ್ಲಿ ಕಾಣುವುದು ಕಣ್ಣಳತೆಯ ಒಂದು ಸಣ್ಣ ಸಂಗತಿ: ಪಾಯದಲ್ಲಿ ಬಂಡೆ ಎಷ್ಟು ಆಳಕ್ಕೆ ಸಿಕ್ಕಿತು, ತಿದ್ದಿದ ನಕ್ಷೆ ಯಾವ ತಾರೀಕಿಗೆ ಕೈಗೆ ಬಂತು, ಜಾಗ ಯಾವತ್ತು ಖಾಲಿಯಾಯಿತು. ಆ ದಿನವೇ ಇಬ್ಬರೂ ಒಟ್ಟಿಗೆ ನಿಂತು ನೋಡಿ ಬರೆದುಕೊಂಡಿದ್ದರೆ ಅರ್ಧ ಗಂಟೆಯ ಕೆಲಸ. ಯಾರೂ ಬರೆಯುವುದಿಲ್ಲ. ಕಾಂಕ್ರೀಟ್ ಸುರಿಯುತ್ತಾರೆ, ಕಂಬಿ ಮುಚ್ಚಿಹೋಗುತ್ತದೆ, ವರ್ಷಗಳ ಮೇಲೆ ಯಾರೋ ನಿವೃತ್ತ ನ್ಯಾಯಮೂರ್ತಿಗಳ ಮುಂದೆ ಕೂತು ಒಳಗೆ ಎಷ್ಟು ಕಂಬಿ ಇತ್ತು ಎಂದು ವಾದಿಸುತ್ತಾರೆ. ಜಗಳ ಬಗೆಹರಿಸುವ ದಾರಿಗಳಿಗೆ ನಮ್ಮಲ್ಲಿ ಬರವಿಲ್ಲ. ಆದರೆ ಎಲ್ಲವೂ ಕೆಲಸದ ಕೊನೆಯಲ್ಲಿವೆ, ಸಂಗತಿ ಕಣ್ಣೆದುರು ಇರುವಾಗಲೇ ತೀರ್ಮಾನ ಮಾಡುವ ವ್ಯವಸ್ಥೆ ಇಲ್ಲವೆಂದೇ ಹೇಳಬೇಕು.

ನೆಲ, ಮಳೆ, ನಕ್ಷೆ

ದ್ವೀಪಗಳ ನಡುವಿನ ಸಮುದ್ರವನ್ನು ತುಂಬಿ ಬೆಳೆದ ಊರು ಮುಂಬಯಿ. ಒಂದು ಪ್ಲಾಟಿನಲ್ಲಿ ಎರಡು ಮೀಟರಿಗೇ ಗಟ್ಟಿ ಕರಿಕಲ್ಲು ಸಿಗುತ್ತದೆ, ಪಕ್ಕದ ಪ್ಲಾಟಿನಲ್ಲಿ ಅಗೆದಷ್ಟೂ ಕಪ್ಪು ಕೆಸರು. ಟೆಂಡರಿಗೆ ಮೊದಲು ನಾಲ್ಕಾರು ಬೋರ್‌ಹೋಲ್ ಹಾಕಿ ವರದಿ ಕೊಡುತ್ತಾರೆ. ಅದರ ಕೆಳಗೇ ಒಂದು ಸಾಲು: ಈ ಮಾಹಿತಿ ಮಾರ್ಗದರ್ಶನಕ್ಕೆ ಮಾತ್ರ, ಗುತ್ತಿಗೆದಾರನು ತಾನೇ ಪರಿಶೀಲಿಸಿಕೊಳ್ಳತಕ್ಕದ್ದು. ಟೆಂಡರ್ ಹಾಕಲು ಸಿಗುವ ಮೂರು ವಾರದಲ್ಲಿ, ಇನ್ನೂ ಜನ ವಾಸವಿರುವ ಕಟ್ಟಡದ ಕೆಳಗಿನ ನೆಲವನ್ನು ಗುತ್ತಿಗೆದಾರ ಹೇಗೆ ಪರಿಶೀಲಿಸುತ್ತಾನೆ? ಪರಿಶೀಲಿಸುವುದಿಲ್ಲ. ಕಡಿಮೆ ದರ ಹಾಕಿ ಕೆಲಸ ಹಿಡಿಯುತ್ತಾನೆ, ನೆಲ ಕೈಕೊಟ್ಟಾಗ ಹೆಚ್ಚುವರಿ ಕೇಳುತ್ತಾನೆ. ಅಂತರರಾಷ್ಟ್ರೀಯ ಸಾಲದ ಯೋಜನೆಗಳಲ್ಲಿ ಬಳಸುವ ಫಿಡಿಕ್ (ಎಂಜಿನಿಯರುಗಳ ಅಂತರರಾಷ್ಟ್ರೀಯ ಒಕ್ಕೂಟ) ಮಾದರಿಯ ಒಪ್ಪಂದಗಳು ಇಲ್ಲಿ ನ್ಯಾಯವಾಗಿವೆ: ಅನುಭವಸ್ಥ ಗುತ್ತಿಗೆದಾರನೂ ಊಹಿಸಲಾಗದ ನೆಲ ಸಿಕ್ಕರೆ ಆ ಹೊರೆ ಮಾಲೀಕನದು. ನಮ್ಮ ಖಾಸಗಿ ಬಿಲ್ಡರುಗಳ ಒಪ್ಪಂದಗಳಲ್ಲಿ ನೆಲ, ನೀರು, ಗಾಳಿ ಎಲ್ಲದರ ಹೊರೆಯನ್ನೂ ಕೆಳಗಿನವನ ತಲೆಗೇ ಕಟ್ಟುತ್ತಾರೆ. ಹಾಗೆ ಕಟ್ಟಿದ ಹೊರೆ ತಕರಾರಾಗಿ ವಾಪಸು ಬರುತ್ತದೆ ಎಂಬುದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ.

ಮಳೆಯ ಕತೆಯೂ ಅಷ್ಟೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮುಂಬಯಿಯಲ್ಲಿ ಮಳೆ ಎಂಬುದು ಮಕ್ಕಳಿಗೂ ಗೊತ್ತು, ಆದ್ದರಿಂದ 'ಮಳೆಗಾಲವೂ ಸೇರಿ' ಇಷ್ಟು ತಿಂಗಳು ಎಂದೇ ಬರೆಯುತ್ತಾರೆ. ಮಾಮೂಲು ಮಳೆಗೆ ಒಂದು ದಿನವೂ ಹೆಚ್ಚಿಗೆ ಸಿಗದು. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ 24 ಗಂಟೆಯಲ್ಲಿ 944 ಮಿ.ಮೀ. ಸುರಿಯಿತಲ್ಲ, ಅದು ಯಾರ ಲೆಕ್ಕಕ್ಕೂ ಮೀರಿದ್ದು, ಅಲ್ಲಿ ವಾದವಿಲ್ಲ. ವಾದವೆಲ್ಲ ಇವೆರಡರ ನಡುವೆ. ಒಂದೇ ದಿನ 200 ಮಿ.ಮೀ. ಬಿದ್ದು ಬೇಸ್‌ಮೆಂಟಿನ ಗುಂಡಿ ಕೆರೆಯಾದರೆ ಅದು ಮಾಮೂಲೋ ಅಸಾಧಾರಣವೋ? ಒಪ್ಪಂದದಲ್ಲಿ ಇಷ್ಟು ಮಿ.ಮೀ. ಎಂದು ಅಂಕಿ ಬರೆದಿಟ್ಟರೆ ಹವಾಮಾನ ಇಲಾಖೆಯ ದಾಖಲೆ ನೋಡಿ ಐದು ನಿಮಿಷದಲ್ಲಿ ಮುಗಿಸಬಹುದು. ಬರೆದದ್ದು ನನ್ನ ಕಣ್ಣಿಗೆ ಬಿದ್ದಿರುವುದು ಬಹಳ ಅಪರೂಪ.

ಇನ್ನು ನಕ್ಷೆ. ಅಂಧೇರಿಯ ಗೋಖಲೆ ಸೇತುವೆಯನ್ನು 2022ರ ನವೆಂಬರ್‌ನಲ್ಲಿ ಮುಚ್ಚಿ, ಒಡೆದು ಹೊಸದಾಗಿ ಕಟ್ಟಿದರು. 2024ರ ಫೆಬ್ರುವರಿಯಲ್ಲಿ ಒಂದು ಬದಿ ತೆರೆದಾಗ ಊರೆಲ್ಲ ನಕ್ಕಿತು: ಪಕ್ಕದ ಬರ್ಫೀವಾಲಾ ಮೇಲುಸೇತುವೆಗೂ ಇದಕ್ಕೂ ಸುಮಾರು ಒಂದೂವರೆ ಮೀಟರ್ ಎತ್ತರದ ವ್ಯತ್ಯಾಸ. ಹಳಿಗಳ ಮೇಲೆ ಬಿಡಬೇಕಾದ ಎತ್ತರದ ರೈಲ್ವೆ ನಿಯಮ ಹೆಚ್ಚಾಗಿತ್ತು, ಹೊಸ ಸೇತುವೆ ಅದಕ್ಕೆ ತಕ್ಕಂತೆ ಮೇಲೇರಿತು, ಹಳೆಯದು ಇದ್ದಲ್ಲೇ ಉಳಿಯಿತು. ಕೊನೆಗೆ ಐಐಟಿ ಬಾಂಬೆ ಮತ್ತು ವಿಜೆಟಿಐ ತಜ್ಞರ ಸಲಹೆ ಪಡೆದು, ಬರ್ಫೀವಾಲಾದ ತುದಿಯನ್ನು ಜ್ಯಾಕ್ ಕೊಟ್ಟು ಎತ್ತಿ, ಜುಲೈನಲ್ಲಿ ಎರಡನ್ನೂ ಜೋಡಿಸಿದರು. ಹಳಿಯ ಮೇಲಿನ ಭಾಗ ರೈಲ್ವೆಯ ಸುಪರ್ದಿಗೆ, ಆಚೀಚೆಯ ರಸ್ತೆ ಮಹಾನಗರ ಪಾಲಿಕೆಗೆ. ಎರಡು ಯಜಮಾನಿಕೆಗಳು ಕೂಡುವ ಜಾಗದಲ್ಲೇ ಇಂಥ ಎಡವಟ್ಟು ಹುಟ್ಟುವುದು. ನಡುವೆ ನಿಂತ ಗುತ್ತಿಗೆದಾರ ಯಾರ ನಕ್ಷೆ ಕೊನೆಯದು ಎಂದು ಕಾಯುತ್ತ ಕ್ರೇನಿನ ಬಾಡಿಗೆ ಕಟ್ಟುತ್ತಿರುತ್ತಾನೆ.

ಭೂಗತ ಮೆಟ್ರೊ 3ರ ರೈಲುಗಳನ್ನು ನಿಲ್ಲಿಸಿ ರಿಪೇರಿ ಮಾಡುವ ಕಾರ್‌ಶೆಡ್ ವಿವಾದ ಇದರ ದೊಡ್ಡ ರೂಪ. 2019ರಲ್ಲಿ ಆರೆ ಕಾಲೊನಿಯಲ್ಲಿ ಮರ ಕಡಿದರು. ಸರ್ಕಾರ ಬದಲಾಗಿ 2020ರಲ್ಲಿ ಕಾರ್‌ಶೆಡ್ ಕಾಂಜೂರ್‌ಮಾರ್ಗಕ್ಕೆ ಹೋಯಿತು, ಡಿಸೆಂಬರ್‌ನಲ್ಲಿ ಹೈಕೋರ್ಟ್ ತಡೆ ಕೊಟ್ಟಿತು, 2022ರಲ್ಲಿ ಇನ್ನೊಮ್ಮೆ ಸರ್ಕಾರ ಬದಲಾಗಿ ಆರೆಗೇ ವಾಪಸು ಬಂತು. ಅಷ್ಟರಲ್ಲಿ ಯೋಜನೆಯ ಅಂದಾಜು 23,136 ಕೋಟಿಯಿಂದ 33,405 ಕೋಟಿ ರೂಪಾಯಿಗೆ ಏರಿತ್ತು. ಎಲ್ಲ ಏರಿಕೆಯನ್ನೂ ಕಾರ್‌ಶೆಡ್ಡಿನ ತಲೆಗೆ ಕಟ್ಟಲಾಗದು. ಆದರೂ ಜಾಗವೇ ತೀರ್ಮಾನವಾಗದ ಕೆಲಸಕ್ಕೆ ಗಡುವು ಹಾಕಿ ಸಹಿ ಮಾಡುವ ಅಭ್ಯಾಸ ಮಾತ್ರ ಹಾಗೇ ಇದೆ.

"ಬಿಲ್ಲಲ್ಲಿ ಸೇರಿಸೋಣ"

ಮೇಲಿನವೆಲ್ಲ ಪತ್ರಿಕೆಗಳಿಗೆ ಬರುವ ಸುದ್ದಿ. ಬಾರದ ಸುದ್ದಿಯೊಂದನ್ನು ಹತ್ತಿರದಿಂದ ನೋಡೋಣ. ಹನ್ನೆರಡು ಮಹಡಿಯ ಕಟ್ಟಡ, ಸೆಂಟ್ರಿಂಗ್ ಕೆಲಸ ವಿಜಯಪುರ ಕಡೆಯ ಒಬ್ಬ ಲೇಬರ್ ಕಂಟ್ರಾಕ್ಟರ್‌ಗೆ. ದರ ಚದರಡಿಗೆ ಇಷ್ಟು, ಎಲ್ಲ ಸೇರಿ. ಮೊದಲ ಮಹಡಿಗೇ ಸ್ಟ್ರಕ್ಚರಲ್ ಕನ್ಸಲ್ಟೆಂಟ್ ಬೀಮಿನ ಆಳವನ್ನು 600 ಮಿ.ಮೀ.ನಿಂದ 750ಕ್ಕೆ ಏರಿಸುತ್ತಾರೆ. ಸೈಟಿನಲ್ಲಿ ನಡೆಯುವ ಮಾತು ಹೀಗಿರುತ್ತದೆ:

"ಸಾಹೇಬ್ರ, ನಕ್ಷೇದಾಗ ಬೀಮ್ ಆರನೂರ ಐತ್ರಿ, ನೀವು ಏಳನೂರಾ ಐವತ್ತು ಅಂತೀರಿ. ಒಂದ್ ಚೀಟಿ ಬರದ ಕೊಡ್ರಿ."

"ಅಣ್ಣಾ, ನಾಳೆ ಬೆಳಿಗ್ಗೆ ಕಾಂಕ್ರೀಟ್ ಗಾಡಿ ಬರುತ್ತೆ. ಮೊದ್ಲು ಪ್ಲೈವುಡ್ ಹೊಡಿಸು. ಬಿಲ್ಲಲ್ಲಿ ಸೇರಿಸೋಣ."

ಬೀಮಿನ ಎರಡೂ ಬದಿಗೆ 150 ಮಿ.ಮೀ. ಹೆಚ್ಚಾದರೆ ಒಂದು ಮೀಟರ್ ಉದ್ದಕ್ಕೆ 0.3 ಚದರ ಮೀಟರ್ ಪ್ಲೈವುಡ್ ಕೆಲಸ ಹೆಚ್ಚು. ಒಂದು ಮಹಡಿಯಲ್ಲಿ 200 ಮೀಟರ್ ಬೀಮ್ ಇದ್ದರೆ 60 ಚದರ ಮೀಟರ್, ಹನ್ನೆರಡು ಮಹಡಿಗೆ 720. ಬಡಗಿಗಳ ಕೂಲಿ, ಮೊಳೆ, ಆಸರೆಯ ಜಾಕಿ ಎಲ್ಲ ಲೇಬರ್ ಕಂಟ್ರಾಕ್ಟರನದೇ. ಬಿಲ್ಲು ಹಾಕುವ ದಿನ ಮುಖ್ಯ ಗುತ್ತಿಗೆದಾರನ ಬಿಲ್ಲಿಂಗ್ ವಿಭಾಗ ಹೇಳುತ್ತದೆ: ದರ ಇರುವುದು ಚದರಡಿಗೆ, ಮಹಡಿಯ ಚದರಡಿ ಬದಲಾಗಿಲ್ಲ, ಎಕ್ಸ್‌ಟ್ರಾ ಐಟಂಗೆ ಲಿಖಿತ ಆದೇಶವೂ ಇಲ್ಲ. ಅಂದು ಮಾತು ಕೊಟ್ಟ ಎಂಜಿನಿಯರ್ ಅಷ್ಟು ಹೊತ್ತಿಗೆ ಬೇರೆ ಕಂಪನಿ ಸೇರಿರುತ್ತಾನೆ. ಅವನು ಸುಳ್ಳು ಹೇಳಿದ್ದನೇ? ನನಗೆ ಹಾಗನಿಸುವುದಿಲ್ಲ. ಅವನಿಗೆ ಚೀಟಿ ಬರೆದುಕೊಡುವ ಅಧಿಕಾರವೇ ಇರಲಿಲ್ಲ, ಕಾಂಕ್ರೀಟ್ ತಪ್ಪಿಸಿದರೆ ಬೈಸಿಕೊಳ್ಳುವ ಸರದಿ ಮಾತ್ರ ಅವನದಾಗಿತ್ತು.

ಇದರ ಮೇಲೆ ಡೆಬಿಟ್ ನೋಟುಗಳು, ಅಂದರೆ ಬಿಲ್ಲಿನಿಂದ ಹಣ ಕಡಿಯುವ ಚೀಟಿಗಳು, ಬೀಳುತ್ತವೆ. ಬಾರ್‌ಬೆಂಡಿಂಗ್ ಮಾಡುವವನಾದರೆ ಕಂಬಿ ಕಂಪನಿಯದು, ಹಾಳಾಗುವ ಪ್ರಮಾಣ ಇಂತಿಷ್ಟು ಶೇಕಡಾ ಮೀರಿದರೆ ಅವನ ಬಿಲ್ಲಿನಲ್ಲಿ ಕಡಿತ. ತುಂಡು ಕಂಬಿಯ ರಾಶಿಯನ್ನು ಯಾರು ತೂಗಿದರು, ಗುಜರಿಗೆ ಯಾರು ಕಳಿಸಿದರು ಎಂಬ ಲೆಕ್ಕ ಇರುವುದು ಕಡಿತ ಮಾಡುವವನ ಸ್ಟೋರಿನಲ್ಲೇ. ಹೆಲ್ಮೆಟ್ ಹಾಕದ್ದಕ್ಕೆ ದಂಡ, ಕಸ ಎತ್ತದ್ದಕ್ಕೆ ದಂಡ, ಕ್ರೇನ್ ಬಳಸಿದ್ದಕ್ಕೆ ಬಾಡಿಗೆ. ಕೆಲಸ ನಡೆಯುತ್ತಿರುವಾಗ ಹಾಕುವ ಪ್ರತಿ ಆರ್‌ಎ ಬಿಲ್ಲಿನಿಂದ ಹಿಡಿದಿಟ್ಟ ರಿಟೆನ್ಶನ್ ದುಡ್ಡು, ಕೆಲಸದ ದೋಷಕ್ಕೆ ಅವನೇ ಹೊಣೆಯಾಗಿರುವ ಅವಧಿ ಮುಗಿಯುವವರೆಗೆ ಸಿಗದು. ಮೇಲಿನವರಿಗೆ ಬಿಲ್ಡರ್ ಕೊಟ್ಟರೆ ಮಾತ್ರ ಕೆಳಗಿನವನಿಗೆ ಎಂಬ ಷರತ್ತು ಬೇರೆ. ಕೊನೆಯ ಬಿಲ್ಲಿಗೆ ಮುಂಚೆ 'ಇನ್ನು ನನ್ನ ಬಾಕಿ ಏನೂ ಇಲ್ಲ' ಎಂಬ ಕಾಗದಕ್ಕೆ ಸಹಿ ಹಾಕಿಸಿಕೊಳ್ಳುತ್ತಾರೆ. ಒತ್ತಡಕ್ಕೆ ಸಿಕ್ಕಿ ಹಾಕಿದ ಇಂಥ ಸಹಿಯಿಂದಲೇ ಹಕ್ಕು ಮುಗಿದುಹೋಗುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2008ರ ಬೋಘಾರಾ ಪಾಲಿಫ್ಯಾಬ್ ಪ್ರಕರಣದಲ್ಲೇ ವಿವರಿಸಿದೆ. ಆದರೆ ದೀಪಾವಳಿಗೆ ಊರಿಗೆ ಹೊರಟ ಮೂವತ್ತು ಜನರಿಗೆ ಕೂಲಿ ಎಣಿಸಬೇಕಾದವನು ಆ ತೀರ್ಪು ನೆನೆದು ಸಹಿ ನಿಲ್ಲಿಸುತ್ತಾನೆಯೇ?

ದಾವೆ ಹೂಡಿದರೆ? ಒಪ್ಪಂದದಲ್ಲಿ ಆರ್ಬಿಟ್ರೇಷನ್ (ಕೋರ್ಟಿನ ಬದಲು ಖಾಸಗಿ ಮಧ್ಯಸ್ಥನ ತೀರ್ಪು) ಷರತ್ತಿದ್ದರೆ ಎದುರಾಳಿ ಕೋರ್ಟಿನಲ್ಲಿ ಅದನ್ನೇ ತೋರಿಸುತ್ತಾನೆ. 1996ರ ಆರ್ಬಿಟ್ರೇಷನ್ ಕಾಯ್ದೆಯ ನಾಲ್ಕನೆಯ ಅನುಸೂಚಿಯಲ್ಲಿ ಮಾದರಿ ಶುಲ್ಕವಿದೆ: ಐದು ಲಕ್ಷದವರೆಗಿನ ಮೊತ್ತಕ್ಕೆ 45,000 ರೂಪಾಯಿ, ಅದರ ಮೇಲೆ 20 ಲಕ್ಷದವರೆಗೆ ಹೆಚ್ಚುವರಿ ಮೊತ್ತದ 3.5 ಶೇಕಡಾ. ಎಂಟು ಲಕ್ಷ ಬಾಕಿ ಕೇಳುವವನ ಲೆಕ್ಕದಲ್ಲಿ ಇದು 55,500. ಒಬ್ಬರೇ ಆರ್ಬಿಟ್ರೇಟರ್ ಆದರೆ ಇದರ ಮೇಲೆ ಕಾಲು ಭಾಗ ಹೆಚ್ಚು, ಮೂವರಾದರೆ ಇದರ ಮೂರು ಪಟ್ಟು. ಅರ್ಧ ಎದುರಾಳಿಯದು ನಿಜ, ಆದರೆ ಅವನು ಕೊಡದೆ ಕೂತರೆ ಕೆಲಸ ಮುಂದುವರಿಸಲು ಇವನೇ ಕಟ್ಟಬೇಕು. ವಕೀಲರ ಫೀ ಇನ್ನೂ ಹೇಳಿಲ್ಲ. ಸಣ್ಣ ಉದ್ಯಮಗಳಿಗೆ 45 ದಿನದೊಳಗೆ ಹಣ, ತಡವಾದರೆ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ ಎನ್ನುವ 2006ರ ಎಂಎಸ್‌ಎಂಇ ಕಾಯ್ದೆಯಾದರೂ ಕೈಹಿಡಿಯಬೇಕಿತ್ತು. ಸಾಮಾನು ಮತ್ತು ಕೆಲಸ ಎರಡೂ ಕೂಡಿದ ಕಾಮಗಾರಿ ಗುತ್ತಿಗೆ ಅದರೊಳಗೆ ಬರುವುದಿಲ್ಲವೆಂದು ಬಾಂಬೆ ಹೈಕೋರ್ಟ್ ಹೇಳಿದೆ.

ದೊಡ್ಡವರ ಜಗಳ ದೊಡ್ಡ ಬಡ್ಡಿ

ದೊಡ್ಡ ಕಂಪನಿಗಳ ಬಳಿ ಕಾಗದವಿದೆ, ವಕೀಲರ ಪಡೆ ಇದೆ. ಅಲ್ಲಿ ಸಮಸ್ಯೆ ಕಾಲದ್ದು. ವರ್ಸೋವಾ-ಅಂಧೇರಿ-ಘಾಟ್ಕೋಪರ್ ಮೆಟ್ರೊ 11.4 ಕಿ.ಮೀ. ಉದ್ದ, 12 ನಿಲ್ದಾಣ, ಓಡಲು ಶುರುವಾದದ್ದು 2014ರ ಜೂನ್ 8ರಂದು. 2,356 ಕೋಟಿ ಅಂದಾಜಿನಲ್ಲಿ ಹೊರಟ ಕೆಲಸ ಮುಗಿಯುವಾಗ ನಡೆಸುವ ಕಂಪನಿಯ ಲೆಕ್ಕದಲ್ಲಿ 4,321 ಕೋಟಿ ಆಗಿತ್ತು. ತಡ ಯಾರಿಂದ, ಹೆಚ್ಚಿನ ಖರ್ಚು ಯಾರದು ಎಂಬ ಜಗಳ ಕಂಪನಿಗೂ ಮುಂಬಯಿ ಮಹಾನಗರ ಪ್ರದೇಶದ ಅಭಿವೃದ್ಧಿ ಪ್ರಾಧಿಕಾರವಾದ ಎಂಎಂಆರ್‌ಡಿಎಗೂ ಹತ್ತಿಕೊಂಡಿತು. ಆರ್ಬಿಟ್ರೇಷನ್ ತೀರ್ಪು ಬಂದದ್ದು 2023ರಲ್ಲಿ, ಕಂಪನಿಗೆ 992 ಕೋಟಿ. ಎಂಎಂಆರ್‌ಡಿಎ ಅದನ್ನು ಪ್ರಶ್ನಿಸಿತು, 2025ರ ಜೂನ್‌ನಲ್ಲಿ ಹೈಕೋರ್ಟ್ ಬಡ್ಡಿ ಸೇರಿ 1,169 ಕೋಟಿ ಠೇವಣಿ ಇಡಲು ಹೇಳಿತು. ರೈಲು ಓಡಿ ಹನ್ನೊಂದು ವರ್ಷ ಕಳೆದಿತ್ತು. ಒಳಗೆ ಜೋತುಬಿದ್ದು ಘಾಟ್ಕೋಪರಿಗೆ ಹೋಗುವವರಲ್ಲಿ ಎಷ್ಟು ಜನರಿಗೆ ಗೊತ್ತು, ಅದರ ಕಂಬಗಳ ಲೆಕ್ಕ ಇನ್ನೂ ಮುಗಿದಿಲ್ಲವೆಂದು?

ದೆಹಲಿಯ ವಿಮಾನ ನಿಲ್ದಾಣ ಮೆಟ್ರೊ ಪ್ರಕರಣ ಇನ್ನೂ ವಿಚಿತ್ರ. 2017ರಲ್ಲಿ, ಹಿಂದೆ ಆ ಮಾರ್ಗ ನಡೆಸುತ್ತಿದ್ದ ಕಂಪನಿಗೆ ಸುಮಾರು 2,782 ಕೋಟಿಯ ಆರ್ಬಿಟ್ರೇಷನ್ ತೀರ್ಪು, 2021ರಲ್ಲಿ ಸುಪ್ರೀಂ ಕೋರ್ಟ್ ಅದನ್ನೇ ಎತ್ತಿಹಿಡಿಯಿತು. ಬಡ್ಡಿ ಬೆಳೆದು ಮೊತ್ತ 8,000 ಕೋಟಿಯ ಹತ್ತಿರ ಬಂದಿದ್ದಾಗ, 2024ರ ಏಪ್ರಿಲ್‌ನಲ್ಲಿ, ಕ್ಯುರೇಟಿವ್ ಅರ್ಜಿಯ (ಸುಪ್ರೀಂ ಕೋರ್ಟಿನಲ್ಲಿ ಉಳಿಯುವ ಕಟ್ಟಕಡೆಯ ಅರ್ಜಿ) ಮೇಲೆ ಅದೇ ನ್ಯಾಯಾಲಯ ತೀರ್ಪನ್ನು ತಳ್ಳಿಹಾಕಿತು. ಸರಿ ತಪ್ಪು ಏನೇ ಇರಲಿ, 'ಅಂತಿಮ' ಎಂದು ಕರೆದ ತೀರ್ಪು ಏಳು ವರ್ಷದ ಮೇಲೆ ಮಗುಚಿಬಿದ್ದರೆ ಗುತ್ತಿಗೆದಾರ ಆ ಅಪಾಯವನ್ನು ಮುಂದಿನ ಟೆಂಡರಿನ ದರದಲ್ಲಿ ಸೇರಿಸಿಯೇ ಸೇರಿಸುತ್ತಾನೆ. ಅದನ್ನು ಕಟ್ಟುವುದು ಟಿಕೆಟ್ ಕೊಳ್ಳುವ ನಾವು.

ಕೇಂದ್ರ ಹಣಕಾಸು ಸಚಿವಾಲಯ 2024ರ ಜೂನ್ 3ರಂದು ಹೊರಡಿಸಿದ ಮಾರ್ಗಸೂಚಿ ಇದಕ್ಕೆ ಕೊಟ್ಟ ಉತ್ತರ ವಿಚಿತ್ರವಾಗಿದೆ: ಸರ್ಕಾರಿ ಗುತ್ತಿಗೆಗಳಲ್ಲಿ ಆರ್ಬಿಟ್ರೇಷನ್ ತಾನಾಗಿ ಇರುವುದು ಬೇಡ, ಸಾಮಾನ್ಯವಾಗಿ 10 ಕೋಟಿಗಿಂತ ಕಡಿಮೆಯ ತಕರಾರಿಗೆ ಸಾಕು, ಉಳಿದದ್ದಕ್ಕೆ ಸಂಧಾನ, ಅದೂ ಆಗದಿದ್ದರೆ ಕೋರ್ಟು. 2023ರ ಸಂಧಾನ ಕಾಯ್ದೆ 120 ದಿನ, ಒಪ್ಪಿದರೆ ಇನ್ನೂ 60 ದಿನ ಎಂಬ ಗಡುವನ್ನೂ ಕೊಟ್ಟಿದೆ. ಕಾಗದದ ಮೇಲೆ ಚೆನ್ನಾಗಿದೆ. ಆದರೆ ಸರ್ಕಾರಿ ಅಧಿಕಾರಿ ಯಾಕೆ ರಾಜಿಗೆ ಸಹಿ ಹಾಕಬೇಕು? ನಾಳೆ ಆಡಿಟ್‌ನವರು, ವಿಜಿಲೆನ್ಸ್‌ನವರು "ಇಷ್ಟು ಕೋಟಿ ಯಾಕೆ ಒಪ್ಪಿಕೊಂಡಿರಿ?" ಎಂದು ಕೇಳಿದರೆ ಪಿಂಚಣಿ ಹೋಗುವುದು ಅವರದು. ಕೋರ್ಟು ಕೊಡು ಎಂದರೆ ಎರಡರಷ್ಟು ಕೊಟ್ಟರೂ ಯಾರೂ ಕೇಳುವುದಿಲ್ಲ. ಮಾರ್ಗಸೂಚಿಗೆ ಈ ಭಯ ಗೊತ್ತಿದೆ, ನಿವೃತ್ತ ನ್ಯಾಯಮೂರ್ತಿಗಳು, ತಜ್ಞರು ಇರುವ ಸಮಿತಿಯ ಮೂಲಕ ರಾಜಿ ಪರಿಶೀಲಿಸಬಹುದು ಎನ್ನುತ್ತದೆ. ಆದರೂ ಸಹಿ ಹಾಕಿದವನಿಗೆ ರಕ್ಷಣೆ ಸಿಗುವವರೆಗೆ ಫೈಲು ಮೇಜಿನಿಂದ ಮೇಜಿಗೆ ತಿರುಗುತ್ತದೆ ಎಂದೇ ನನ್ನ ಅಂದಾಜು.

ಸೊಸೈಟಿಯ ಸದಸ್ಯ ಎಲ್ಲಿಗೆ ಹೋಗಬೇಕು?

ರೀಡೆವಲಪ್‌ಮೆಂಟ್ ಜಗಳದಲ್ಲಿ ಮೇಲಿನ ಎರಡೂ ರೋಗಗಳು ಕೂಡಿವೆ: ಕಾಗದವೂ ತೆಳು, ಕಾಲವೂ ಉದ್ದ. ಮಹಾರಾಷ್ಟ್ರ ಸರ್ಕಾರ ಸಹಕಾರ ಕಾಯ್ದೆಯ 79ಎ ಕಲಮಿನಡಿ 2009ರಲ್ಲಿ ಮಾರ್ಗಸೂಚಿ ತಂದಿತು, 2019ರ ಜುಲೈ 4ರಂದು ತಿದ್ದಿತು. ಈಗ ಸೊಸೈಟಿಯ, ಅಂದರೆ ಕಟ್ಟಡದ ಮನೆಯವರ ಸಹಕಾರ ಸಂಘದ, 51 ಶೇಕಡಾ ಸದಸ್ಯರು ಒಪ್ಪಿದರೆ ಸಾಕು. ಸಭೆಯ ವಿಡಿಯೊ, ಟೆಂಡರ್, ಯೋಜನಾ ವೆಚ್ಚದ 20 ಶೇಕಡಾ ಬ್ಯಾಂಕ್ ಗ್ಯಾರಂಟಿ (ಬಿಲ್ಡರ್ ಕೈಕೊಟ್ಟರೆ ಬ್ಯಾಂಕ್ ಹಣ ಕೊಡುವ ಖಾತರಿ) ಎಲ್ಲ ಅದರಲ್ಲಿದೆ. ಆದರೆ ಇವು ಕಡ್ಡಾಯವಲ್ಲ, ದಾರಿ ತೋರಿಸಲು ಮಾತ್ರ ಎಂದು ಹೈಕೋರ್ಟು ಹೇಳಿದ್ದುಂಟು. ಬ್ಯಾಂಕ್ ಗ್ಯಾರಂಟಿ ಎಂದರೆ ಬಿಲ್ಡರ್ ಮುಖ ಸಣ್ಣದು ಮಾಡುತ್ತಾನೆ, "ಅದರ ಬದಲು ನಿಮಗೆ 50 ಚದರಡಿ ಜಾಸ್ತಿ ಕೊಡ್ತೀನಿ" ಎನ್ನುತ್ತಾನೆ. ಸಭೆಯಲ್ಲಿ ಚಪ್ಪಾಳೆ ಬೀಳುವುದು ಚದರಡಿಗೆ, ಗ್ಯಾರಂಟಿಗಲ್ಲ.

ಒಪ್ಪದ ಸದಸ್ಯನಿಗೆ ಕಾನೂನು ಬಹಳ ಚುರುಕು. ಸದಸ್ಯ ಸೊಸೈಟಿಯ ನಿರ್ಧಾರಕ್ಕೆ ಬದ್ಧ, ಒಬ್ಬಿಬ್ಬರು ಕೂತು ಎಲ್ಲರ ಮನೆ ತಡೆಯುವಂತಿಲ್ಲ ಎಂದು ಬಾಂಬೆ ಹೈಕೋರ್ಟ್ 2009ರ ಗಿರೀಶ್ ಮೆಹ್ತಾ ಪ್ರಕರಣದಿಂದೀಚೆಗೆ ಮತ್ತೆ ಮತ್ತೆ ಹೇಳಿದೆ. ಆರ್ಬಿಟ್ರೇಷನ್ ಕಾಯ್ದೆಯ 9ನೇ ಕಲಮಿನಡಿ ಬಿಲ್ಡರ್ ಅರ್ಜಿ ಹಾಕಿದರೆ ಮನೆ ಖಾಲಿ ಮಾಡಿಸಲು ಕೋರ್ಟ್ ರಿಸೀವರ್, ಅಂದರೆ ಆಸ್ತಿಯನ್ನು ವಶಕ್ಕೆ ಪಡೆಯುವ ಕೋರ್ಟಿನ ಅಧಿಕಾರಿ, ಬರಬಹುದು. ತತ್ವ ಸರಿಯೇ. ನಲವತ್ತು ಕುಟುಂಬಗಳನ್ನು ಒಬ್ಬ ಹಟಮಾರಿ ಹಿಡಿದಿಡುವುದು ಅನ್ಯಾಯ. ನನ್ನ ಆಕ್ಷೇಪ ಇರುವುದು ಇದರ ಇನ್ನೊಂದು ಮುಖಕ್ಕೆ. ಕಟ್ಟಡ ಒಡೆದ ಮೇಲೆ ಬಿಲ್ಡರ್ ಬಾಡಿಗೆ ನಿಲ್ಲಿಸಿದರೆ ಅಷ್ಟೇ ಚುರುಕಿನ ಹಾದಿ ಸದಸ್ಯನಿಗಿಲ್ಲ. ಒಪ್ಪಂದ ಸೊಸೈಟಿಯ ಹೆಸರಿನಲ್ಲಿದೆ, ಆದ್ದರಿಂದ ಸೊಸೈಟಿ ಹೋಗಬೇಕು. ಸೊಸೈಟಿ ಎಂದರೆ ಈಗ ವಿರಾರ್, ಕಲ್ಯಾಣ, ಪನ್ವೇಲ್‌ಗಳಿಗೆ ಚದುರಿಹೋದ, ವಕೀಲರ ಫೀಗೆ ವರ್ಗಣಿ ಎತ್ತಲಾಗದ ಒಂದು ವಾಟ್ಸಾಪ್ ಗುಂಪು. ಕಮಿಟಿಯ ಅರ್ಧ ಜನ "ಇನ್ನು ಸ್ವಲ್ಪ ಕಾಯೋಣ ಮಾರಾಯ್ರೆ, ಕೇಸು ಹಾಕಿದ್ರೆ ಪೂರ್ತಿ ನಿಂತೇ ಹೋಗ್ತದೆ" ಎನ್ನುತ್ತಾರೆ. ಅವರ ಭಯ ಸುಳ್ಳಲ್ಲ.

ಮನೆ ಕೊಳ್ಳುವವರನ್ನು ಕಾಯುವ ರಿಯಲ್ ಎಸ್ಟೇಟ್ ಕಾಯ್ದೆ ರೇರಾ ಇಲ್ಲವೇ ಎಂದು ಕೇಳಬಹುದು. 2017ರ ಮೇ 1ರಿಂದ ಕೆಲಸ ಮಾಡುತ್ತಿರುವ, ಆ ಕಾಯ್ದೆಯಡಿಯ ಮಹಾರಾಷ್ಟ್ರದ ಪ್ರಾಧಿಕಾರ ಮಹಾರೇರಾ ಮನೆ ಕೊಂಡವರಿಗೆ ದೊಡ್ಡ ಆಸರೆ, ಎರಡು ಮಾತಿಲ್ಲ. ಕೊಂಡವರ ಹಣದ 70 ಶೇಕಡಾ ಪ್ರತ್ಯೇಕ ಖಾತೆಯಲ್ಲಿರಬೇಕು, ತಡವಾದರೆ ಬಡ್ಡಿ, ಐದು ವರ್ಷದೊಳಗೆ ರಚನಾ ದೋಷ ಕಂಡರೆ ಬಿಲ್ಡರ್ ತನ್ನ ಖರ್ಚಿನಲ್ಲಿ ಸರಿಪಡಿಸಬೇಕು. 2018ರಲ್ಲಿ ಗ್ರಾಹಕ ಸಂಘಟನೆಯ ಒಬ್ಬರು, ಬಿಲ್ಡರುಗಳ ಸಂಘಟನೆಯ ಒಬ್ಬರು ಕೂತು ಮಾತಾಡಿಸುವ ರಾಜಿ ವೇದಿಕೆಯನ್ನೂ ಶುರುಮಾಡಿದರು, ದೇಶದಲ್ಲಿ ಮೊದಲು. ಆದರೆ ಈ ರಕ್ಷಣೆ ಹೊಸ ಫ್ಲ್ಯಾಟನ್ನು ದುಡ್ಡು ಕೊಟ್ಟು ಕೊಂಡವರಿಗೆ. ಹಳೆಯ ಮನೆ ಬಿಟ್ಟುಕೊಟ್ಟು ಅದೇ ಕಟ್ಟಡದಲ್ಲಿ ಮನೆಗಾಗಿ ಕಾದಿರುವ ಸದಸ್ಯ ಸಾಮಾನ್ಯವಾಗಿ ಇದರ ಹೊರಗೆ. ಒಂಬತ್ತನೆಯ ಮಹಡಿಯವರಿಗೆ ರೇರಾ, ಐದನೆಯ ಮಹಡಿಯವರಿಗೆ ಹೈಕೋರ್ಟು. ಲಿಫ್ಟ್ ಮಾತ್ರ ಒಂದೇ. ರೇರಾದವರಿಗೂ ಆದೇಶ ಬೇರೆ, ಹಣ ಬೇರೆ: ಬಿಲ್ಡರ್ ಕೊಡದಿದ್ದರೆ ಭೂಕಂದಾಯ ಬಾಕಿಯಂತೆ ವಸೂಲಿಗೆ ಜಿಲ್ಲಾಧಿಕಾರಿಗೆ ವಾರಂಟ್ ಹೋಗುತ್ತದೆ, ಅಲ್ಲಿಂದ ಮುಂದೆ ಬಿಲ್ಡರನ ಆಸ್ತಿ ಹುಡುಕುವ ಕೆಲಸ.

ಬಿಲ್ಡರ್ ದಿವಾಳಿಯಾದರಂತೂ ಎಲ್ಲ ಹೆಪ್ಪುಗಟ್ಟುತ್ತದೆ. ಗೋರೆಗಾಂವ್ ಪಶ್ಚಿಮದ ಸಿದ್ಧಾರ್ಥ ನಗರ, ಅಂದರೆ ಪತ್ರಾ ಚಾಳ್, ಅಲ್ಲಿನ 672 ಕುಟುಂಬಗಳ ಮನೆಗಾಗಿ ಸೊಸೈಟಿ, ಮ್ಹಾಡಾ (ರಾಜ್ಯ ಸರ್ಕಾರದ ವಸತಿ ಪ್ರಾಧಿಕಾರ), ಡೆವಲಪರ್ ಮೂವರ ಒಪ್ಪಂದ ಆದದ್ದು 2008ರಲ್ಲಿ. ಮನೆ ಎದ್ದೇಳಲಿಲ್ಲ, ಡೆವಲಪರ್ ದಿವಾಳಿ ಪ್ರಕ್ರಿಯೆಗೆ ಹೋದ. ಮ್ಹಾಡಾ 2018ರಲ್ಲಿ ಒಪ್ಪಂದ ರದ್ದು ಮಾಡಿ ಜಾಗ ಹಿಂದಕ್ಕೆ ಪಡೆಯಲು ಹೊರಟಿತು. ದಿವಾಳಿ ಸಂಹಿತೆಯ ತಡೆಯಾಜ್ಞೆ ಜಾರಿಯಲ್ಲಿರುವಾಗ ಡೆವಲಪರ್ ಕೈಯಲ್ಲಿರುವ ಜಾಗವನ್ನು ಹಾಗೆ ಹಿಂಪಡೆಯಲಾಗದು ಎಂದು ಸುಪ್ರೀಂ ಕೋರ್ಟ್ 2020ರ ಫೆಬ್ರುವರಿಯಲ್ಲಿ ಹೇಳಿತು. ಮ್ಹಾಡಾ ಕೆಲಸವನ್ನು ಮತ್ತೆ ಕೈಗೆತ್ತಿಕೊಂಡದ್ದು 2022ರಲ್ಲಿ. ಜಾಗ ಸರ್ಕಾರದ್ದೇ ಆಗಿದ್ದ ಕಡೆ ಹೀಗಾದರೆ, ನಲವತ್ತು ಮನೆಯ ಖಾಸಗಿ ಸೊಸೈಟಿಯ ಗತಿ ಯೋಚಿಸಿ.

ಕಣ್ಣೆದುರಿರುವಾಗಲೇ

ಇಂಗ್ಲೆಂಡಿನಲ್ಲಿ 1996ರ ಕಾಯ್ದೆಯೊಂದು ಕಟ್ಟಡ ಕೆಲಸದ ಯಾವುದೇ ತಕರಾರನ್ನು, ಕೆಲಸ ನಡೆಯುತ್ತಿರುವಾಗಲೇ, ತಜ್ಞನೊಬ್ಬನ ಮುಂದೆ ಒಯ್ಯುವ ಹಕ್ಕು ಕೊಟ್ಟಿದೆ. ಅವನು 28 ದಿನದಲ್ಲಿ ಹೇಳಬೇಕು. ಹೇಳಿದಂತೆ ಮೊದಲು ಹಣ ಕೊಡಬೇಕು, ಒಪ್ಪದಿದ್ದರೆ ಆಮೇಲೆ ಕೋರ್ಟಿಗೆ ಹೋಗಿ ವಾದಿಸಬಹುದು. ಸಿಂಗಪುರ 2004ರಲ್ಲಿ ಇಂಥದ್ದೇ ಕಾನೂನು ಮಾಡಿತು. 28 ದಿನದಲ್ಲಿ ಕೊಟ್ಟ ತೀರ್ಮಾನ ಕೆಲವೊಮ್ಮೆ ಒರಟಾಗಿರುತ್ತದೆ, ತಪ್ಪೂ ಆಗುತ್ತದೆ. ಆದರೆ ಕೆಲಸ ಇನ್ನೂ ಕಣ್ಣೆದುರೇ ನಡೆಯುತ್ತಿರುತ್ತದೆ, ಹೇಳಿದ ಎಂಜಿನಿಯರ್ ಇನ್ನೂ ಸೈಟಿನಲ್ಲೇ ಇರುತ್ತಾನೆ. ಹತ್ತು ವರ್ಷದ ಮೇಲೆ ಬರುವ ನುಣುಪಾದ ತೀರ್ಪಿಗಿಂತ ಆ ಒರಟು ತೀರ್ಮಾನವನ್ನು ನಾನಂತೂ ಆರಿಸಿಕೊಳ್ಳುತ್ತೇನೆ. ಫಿಡಿಕ್ ಒಪ್ಪಂದಗಳಲ್ಲೂ 84 ದಿನದಲ್ಲಿ ನಿರ್ಧಾರ ಹೇಳುವ ಮಂಡಳಿ ಇದೆ. ನಮ್ಮಲ್ಲಿ ಅದನ್ನು ಬಹಳ ಕಡೆ ತಕರಾರು ಹುಟ್ಟಿದ ಮೇಲೆ ರಚಿಸುತ್ತಾರೆ, ಸದಸ್ಯರ ಹೆಸರು ಒಪ್ಪುವುದಕ್ಕೇ ಇನ್ನೊಂದು ತಕರಾರು. ಭಾರತದಲ್ಲಿ 'ಮೊದಲು ಕೊಡು, ಆಮೇಲೆ ವಾದಿಸು' ಎನ್ನುವ ಕಾನೂನು ಇಲ್ಲ. ಸಂಧಾನಕಾರ ಕೊಡು ಎನ್ನಲಾರ, ಆರ್ಬಿಟ್ರೇಟರ್ ಬೇಗ ಎನ್ನಲಾರ. ನಡುವಿನ ಈ ಜಾಗ ಖಾಲಿ ಬಿದ್ದಿದೆ.

ಕಾನೂನು ಬರುವವರೆಗೆ ಕಾಯಬೇಕಿಲ್ಲ, ಒಪ್ಪಂದದಲ್ಲೇ ಬರೆದುಕೊಳ್ಳಬಹುದು. ಈ ವರ್ಷ ಡೆವಲಪ್‌ಮೆಂಟ್ ಅಗ್ರಿಮೆಂಟ್‌ಗೆ ಸಹಿ ಹಾಕಲಿರುವ ಸೊಸೈಟಿಗಳು 50 ಚದರಡಿಯ ಚೌಕಾಸಿ ಬಿಟ್ಟು ಎರಡು ಕಲಮುಗಳ ಮೇಲೆ ಹಟ ಹಿಡಿಯಲಿ. ಒಂದು, ಎರಡೂ ಕಡೆಯವರು ಸಹಿಯ ದಿನವೇ ಹೆಸರಿಸಿದ, ಇಬ್ಬರೂ ಸಮನಾಗಿ ಫೀ ಕೊಡುವ ಹೊರಗಿನ ಎಂಜಿನಿಯರ್ ಒಬ್ಬರು ತಿಂಗಳಿಗೊಮ್ಮೆ ಸೈಟು ನೋಡಿ ಬರೆದಿಡಬೇಕು, ತಕರಾರು ಬಂದರೆ 28 ದಿನದಲ್ಲಿ ಹೇಳಬೇಕು, ಮೇಲಿನವರು ಬದಲಿಸುವವರೆಗೆ ಅದೇ ನಡೆಯಬೇಕು. ಇನ್ನೊಂದು, ಬ್ಯಾಂಕ್ ಗ್ಯಾರಂಟಿ ಸೊಸೈಟಿಯ ಪತ್ರ ಸಿಕ್ಕ ಕೂಡಲೇ, ಬಿಲ್ಡರನ ಒಪ್ಪಿಗೆ ಕೇಳದೆ, ಹಣವಾಗುವಂಥದ್ದಾಗಿರಬೇಕು. ಷರತ್ತು ತುಂಬಿದ ಗ್ಯಾರಂಟಿ ಗೋಡೆಗೆ ತೂಗುಹಾಕಲು ಸರಿ.

ಸೆಂಟ್ರಿಂಗ್ ಕಂಟ್ರಾಕ್ಟರ್‌ಗೆ ಇಷ್ಟೆಲ್ಲ ಬರೆಸಿಕೊಳ್ಳುವ ಬಲವಿಲ್ಲ. ಅವನಿಗಿರುವುದು 1872ರ ಕರಾರು ಕಾಯ್ದೆಯ 70ನೇ ಕಲಮು: ಪುಕ್ಕಟೆ ಮಾಡುವ ಉದ್ದೇಶವಿಲ್ಲದೆ ಮಾಡಿದ ಕೆಲಸದ ಲಾಭ ಪಡೆದವನು, ಲಿಖಿತ ಆದೇಶ ಇಲ್ಲದಿದ್ದರೂ, ಪರಿಹಾರ ಕೊಡಬೇಕು. ಆದರೆ ಒಪ್ಪಂದವೇ ಆ ಕೆಲಸಕ್ಕೆ ದರ ಹೇಳಿದ್ದರೆ ಈ ಕಲಮು ನಡೆಯುವುದಿಲ್ಲ. ಆದ್ದರಿಂದಲೇ ಬೀಮಿನ ಹೆಚ್ಚಿನ ಆಳ ಚದರಡಿಯ ದರದೊಳಗಿನದಲ್ಲ ಎಂದು ಅವನು ತೋರಿಸಬೇಕು, ಕೆಲಸ ಮಾಡಿದ್ದನ್ನೂ ತೋರಿಸಬೇಕು. ಪ್ಲೈವುಡ್ ಹೊಡೆದ ದಿನ ಟೇಪು ಹಿಡಿದು ತೆಗೆದ ಫೋಟೊ, "ಸಾಹೇಬ್ರ, ನೀವು ಹೇಳಿದಂಗ ಬೀಮ್ 750 ಹಾಕೇವ್ರಿ" ಎಂದು ಅದೇ ಸಂಜೆ ಎಂಜಿನಿಯರ್‌ಗೆ ಕಳಿಸಿದ ವಾಟ್ಸಾಪ್ ಇವೇ ಅವನ ಅಳತೆ ಪುಸ್ತಕ. 2024ರ ಜುಲೈಯಿಂದ ಜಾರಿಯಲ್ಲಿರುವ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನಂತೆ ಪ್ರಮಾಣಪತ್ರ ಸಮೇತ ಹಾಜರುಪಡಿಸಿದರೆ ಅದು ಸಾಕ್ಷಿಯಾಗುತ್ತದೆ, ಆದರೆ ಫೋನ್ ಬದಲಿಸುವಾಗ ಚಾಟ್ ಉಳಿಸಿಕೊಂಡಿರಬೇಕು. ಕೆಲಸ ಮುಗಿದ ದಿನದಿಂದ ದಾವೆಗೆ ಇರುವ ಅವಧಿ ಮೂರು ವರ್ಷ. ಆ ಅವಧಿಯೊಳಗೆ ಕಂಪನಿ "ನಿಮ್ಮ ಇಷ್ಟು ಬಾಕಿ ಇದೆ" ಎಂದು ಬರೆದು ಸಹಿ ಹಾಕಿಕೊಟ್ಟರೆ ಅಂದಿನಿಂದ ಮತ್ತೆ ಮೂರು ವರ್ಷ ಸಿಗುತ್ತದೆ. "ಮುಂದಿನ ತಿಂಗಳು ನೋಡೋಣ ಅಣ್ಣಾ" ಎಂದು ಫೋನಿನಲ್ಲಿ ಎಷ್ಟು ಸಲ ಹೇಳಿಸಿಕೊಂಡರೂ ಒಂದು ದಿನವೂ ಸಿಗುವುದಿಲ್ಲ.